ಬೆಕ್ಕು ಮನೆಗೆ ಬರುವ ಮುನ್ನ

ಹುಬ್ಬಳ್ಳಿಯಿಂದ ವಿಜಯಪುರಕ್ಕೆ ಸಾಗುವ ಹೆದ್ದಾರಿಯಲ್ಲಿ ನರಗುಂದವನ್ನು ದಾಟಿದ ಮೇಲೆ ಕುಳಗೇರಿ ಕ್ರಾಸ್ ಎದುರಾಗುತ್ತದೆ. ಬಾದಾಮಿಗೆ ಹೋಗುವವರು ಇಲ್ಲಿ ದಾರಿ ಹೊರಳುತ್ತಾರೆ. ಸುತ್ತಲೂ ಜೋಳ, ಕಡಲೆ, ಗೋವಿನಜೋಳ ಬೆಳೆಯುವ ಹೊಲಗಳಿವೆ. ಸುಗ್ಗಿ ಮುಗಿದು ಕಾಳು ಮನೆ ಸೇರಿತೆಂದರೆ ಅದರ ಬೆನ್ನಲ್ಲೇ ಇಲಿಗಳೂ ಸೇರುತ್ತವೆ. ಆಗ ಮನೆಯವರಿಗೆ ಬೆಕ್ಕಿನ ನೆನಪಾಗುತ್ತದೆ. ಹಿರಿಯರು ಬೆಳಿಗ್ಗೆ ಮಾತು ತೆಗೆದರೆ ಮಕ್ಕಳು ಸಂಜೆಯೊಳಗೆ ಮರಿಯೊಂದನ್ನು ಚೀಲದಲ್ಲಿ ತಂದುಬಿಡುತ್ತಾರೆ. ಎತ್ತು ಕೊಳ್ಳುವಾಗ ಹಲ್ಲು, ಗೊರಸು, ಸುಳಿಗಳನ್ನೆಲ್ಲ ನೋಡುವ ಒಕ್ಕಲಿಗರ ಮನೆಯಲ್ಲಿ ಬೆಕ್ಕಿನ ವಿಷಯದಲ್ಲಿ ಮಾತ್ರ ವಿಚಾರವೇ ನಡೆಯುವುದಿಲ್ಲ. ಬಿಟ್ಟಿಯಾಗಿ ಸಿಗುವ ಪ್ರಾಣಿಗೆ ಸಿದ್ಧತೆಯೇಕೆಂಬ ಭಾವನೆಯೇ ಇದಕ್ಕೆ ಕಾರಣ.

ಬೆಕ್ಕಿಗೂ ಒಕ್ಕಲುತನಕ್ಕೂ ಇರುವ ನಂಟು ಬಹು ಹಳೆಯದು. ಪಶ್ಚಿಮ ಏಷ್ಯಾದಲ್ಲಿ ಮನುಷ್ಯನು ಬೆಳೆ ತೆಗೆದು ಕಾಳು ಕೂಡಿಡತೊಡಗಿದಾಗ, ಇಲಿಗಳನ್ನರಸಿ ಕಾಡುಬೆಕ್ಕು ಅವನ ಬಳಿ ಸುಳಿಯಿತೆಂದು ಅನೇಕ ವಿದ್ವಾಂಸರು ಅಭಿಪ್ರಾಯಪಡುತ್ತಾರೆ. ಸೈಪ್ರಸ್ ದ್ವೀಪದಲ್ಲಿ ಸುಮಾರು ೯,೫೦೦ ವರ್ಷಗಳ ಹಿಂದೆ ಮನುಷ್ಯನ ಗೋರಿಯ ಪಕ್ಕದಲ್ಲಿಯೇ ಬೆಕ್ಕನ್ನು ಹೂಳಿದ್ದುದು ಉತ್ಖನನದಿಂದ ತಿಳಿದುಬಂದಿದೆ. ಇಷ್ಟು ದೀರ್ಘಕಾಲ ಮನುಷ್ಯನ ನೆರೆಯಲ್ಲಿದ್ದರೂ ಬೆಕ್ಕಿನ ದೇಹಸ್ಥಿತಿ ಬೇಟೆಯ ಪ್ರಾಣಿಯದಾಗಿಯೇ ಉಳಿದಿದೆ. ಆದುದರಿಂದ ಅದನ್ನು ತರುವ ಮೊದಲು ಮನೆಯವರು ಕುಳಿತು ವಿಚಾರಿಸಬೇಕಾದ ಮೊದಲನೆಯ ಸಂಗತಿ ಅದರ ಆಹಾರ.

ಬೆಕ್ಕಿಗೆ ಹಾಲು-ರೊಟ್ಟಿ ಸಾಕೆಂಬುದು ಸಾಮಾನ್ಯ ನಂಬಿಕೆ. ಆದರೆ ತಾಯಿಯ ಮೊಲೆ ಬಿಟ್ಟ ಮೇಲೆ ಅನೇಕ ಬೆಕ್ಕುಗಳಿಗೆ ಹಾಲನ್ನು ಅರಗಿಸಿಕೊಳ್ಳುವ ಶಕ್ತಿ ಕುಂದುತ್ತದೆ. ಹಸುವಿನ ಹಾಲಿನಿಂದ ಭೇದಿಯಾಗುವುದುಂಟು. ಇದಕ್ಕಿಂತ ಮುಖ್ಯವಾದುದು ಟಾರಿನ್ ಎಂಬ ಸತ್ವ. ಇದು ಮಾಂಸ, ಮೀನುಗಳಲ್ಲಿ ಮಾತ್ರ ಸಾಕಷ್ಟು ದೊರೆಯುತ್ತದೆ. ಇದರ ಕೊರತೆಯಿಂದ ಬೆಕ್ಕಿನ ಕಣ್ಣು ಕೆಡುವುದೆಂದು ೧೯೭೫ರಲ್ಲಿ, ಹೃದಯವೂ ದುರ್ಬಲವಾಗುವುದೆಂದು ೧೯೮೭ರಲ್ಲಿ ಅಮೆರಿಕದ ಸಂಶೋಧಕರು ತೋರಿಸಿಕೊಟ್ಟರು. ಇಲಿ ಹಿಡಿಯುವ ಬೆಕ್ಕಿಗೆ ಈ ಸತ್ವ ಬೇಟೆಯಿಂದ ದೊರಕುತ್ತದೆ. ಎಳೆಯ ಮರಿಗೆ ಬೇಟೆ ಬಾರದು. ಈ ಸೀಮೆಯಲ್ಲಿ ಮಾಂಸವನ್ನು ಒಳಗೆ ತಾರದ ಮನೆಗಳು ಬಹಳ. ಅಂಥವರು ಟಾರಿನ್ ಬೆರೆಸಿದ ಸಿದ್ಧ ಆಹಾರವನ್ನು ಕೊಂಡು ತರಬಲ್ಲರೇ ಎಂಬುದನ್ನು ಮೊದಲೇ ನಿರ್ಧರಿಸಬೇಕು. ಅದು ಸಾಧ್ಯವಿಲ್ಲದಿದ್ದರೆ ಬೆಕ್ಕನ್ನು ತಾರದಿರುವುದೇ ದಯೆ.

ಎರಡನೆಯದು ಅದರ ಇರುವಿಕೆಯ ವ್ಯವಸ್ಥೆ. ಎಂಟು ವಾರ ತುಂಬುವವರೆಗೆ ಮರಿಯನ್ನು ತಾಯಿಯಿಂದ ಅಗಲಿಸಬಾರದು. ಬಂದ ಮರಿಗೆ ಮನೆಯ ಮೂಲೆಯಲ್ಲಿ ಹಳೆಯ ಬಟ್ಟೆ ಹಾಸಿದ ಬುಟ್ಟಿ, ಸ್ವಲ್ಪ ದೂರದಲ್ಲಿ ಮರಳು ತುಂಬಿದ ಅಗಲವಾದ ಡಬ್ಬಿ, ಒಂದು ಬಟ್ಟಲು ನೀರು ಇವಿಷ್ಟು ಸಿದ್ಧವಾಗಿರಬೇಕು. ಮರಿಯು ಮಲಮೂತ್ರಕ್ಕೆ ಮರಳನ್ನು ಬೇಗನೆ ರೂಢಿಸಿಕೊಳ್ಳುತ್ತದೆ. ಮನೆಯಲ್ಲಿ ಇಲಿಪಾಷಾಣವಿದ್ದರೆ ತೆಗೆದುಬಿಡಬೇಕು. ವಿಷ ತಿಂದ ಇಲಿಯನ್ನು ತಿಂದ ಬೆಕ್ಕೂ ಸಾಯಬಹುದು. ಜ್ವರಕ್ಕೆ ಮನುಷ್ಯರು ನುಂಗುವ ಪ್ಯಾರಾಸಿಟಮಾಲ್ ಮಾತ್ರೆಯೂ ಬೆಕ್ಕಿಗೆ ವಿಷವೇ. ಗುಳೇದಗುಡ್ಡ, ಇಳಕಲ್ಲುಗಳಂಥ ನೇಕಾರರ ಊರುಗಳಲ್ಲಿ ನೂಲಿನ ತುಂಡುಗಳ ಮೇಲೂ ಗಮನವಿರಬೇಕು. ಬೆಕ್ಕಿನ ನಾಲಗೆಯ ಮುಳ್ಳುಗಳು ಹಿಂದಕ್ಕೆ ಬಾಗಿರುವುದರಿಂದ ಬಾಯಿಗೆ ಸಿಕ್ಕಿದ ನೂಲನ್ನು ಅದು ಸುಲಭವಾಗಿ ಉಗುಳಲಾರದು. ನುಂಗಿದ ನೂಲು ಕರುಳನ್ನು ಕೊಯ್ಯಬಲ್ಲುದು.

ಹೊರಗಿನ ಅಪಾಯ ಬೇರೆ. ಬೆಕ್ಕು ಅಡ್ಡ ಬಂದರೆ ಮನುಷ್ಯನಿಗೆ ಅಪಶಕುನವೆಂದು ಹೇಳುತ್ತಾರೆ. ಹೆದ್ದಾರಿಯ ಬದಿಯ ಊರಿನಲ್ಲಿ ಬೆಕ್ಕಿಗೆ ಅಡ್ಡ ಬರುವ ಲಾರಿಯೇ ನಿಜವಾದ ಅಪಶಕುನ. ಹೊಸ ಮರಿಯನ್ನು ಕೆಲವು ವಾರ ಒಳಗೇ ಇಟ್ಟು ರೂಢಿ ಮಾಡಬೇಕು. ರಾತ್ರಿ ಹೊರಗೆ ಬಿಡಬಾರದು.

ಮೂರನೆಯದು ಆರೋಗ್ಯ. ಮರಿಗೆ ಮೂರು ತಿಂಗಳಾದಾಗ ದನದ ದವಾಖಾನೆಯಲ್ಲಿ ರೇಬಿಸ್ ಲಸಿಕೆ ಹಾಕಿಸಬೇಕು. ಈ ರೋಗ ನಾಯಿಯಿಂದ ಮಾತ್ರವಲ್ಲ, ಬೆಕ್ಕಿನಿಂದಲೂ ತಗಲಬಲ್ಲುದು. ಬೆಕ್ಕು ಕಚ್ಚಿದರೆ ಅಥವಾ ಪರಚಿದರೆ ಗಾಯವನ್ನು ಹದಿನೈದು ನಿಮಿಷ ಸಾಬೂನು ಹಚ್ಚಿ ಹರಿಯುವ ನೀರಿನಲ್ಲಿ ತೊಳೆದು, ತಡಮಾಡದೆ ವೈದ್ಯರ ಬಳಿಗೆ ಹೋಗಬೇಕು. ಐದಾರು ತಿಂಗಳಿಗೆ ಸಂತಾನಶಕ್ತಿಹರಣದ ಶಸ್ತ್ರಚಿಕಿತ್ಸೆಯ ಬಗ್ಗೆ ಪಶುವೈದ್ಯರನ್ನು ಕೇಳುವುದು ಒಳ್ಳೆಯದು. ಬೆಕ್ಕಿನ ಗರ್ಭಾವಧಿ ಎರಡು ತಿಂಗಳು ಮಾತ್ರ. ವರ್ಷದಲ್ಲಿ ಒಂದಕ್ಕಿಂತ ಹೆಚ್ಚು ಸಲ ಅದು ಮರಿ ಹಾಕಬಲ್ಲುದು.

ಹೀಗೆ ಹೆಚ್ಚಿದ ಮರಿಗಳ ಗತಿಯೇನು? ಅವುಗಳನ್ನು ಚೀಲದಲ್ಲಿ ಕಟ್ಟಿ ದೂರ ಬಿಟ್ಟು ಬರುವ ರೂಢಿ ಹಳ್ಳಿಗಳಲ್ಲಿದೆ. ಬಿಟ್ಟವರ ಕಣ್ಣಿಗೆ ಮರೆಯಾದ ಮರಿ ಹಸಿವಿಗೆ ಮರೆಯಾಗುವುದಿಲ್ಲ. ಹಸಿವು ನೀರಡಿಕೆಗಳಿಂದ ನರಳುವಂತೆ ಪ್ರಾಣಿಯನ್ನು ಸಕಾರಣವಿಲ್ಲದೆ ತೊರೆಯುವುದು ೧೯೬೦ರ ಪ್ರಾಣಿಹಿಂಸೆ ತಡೆ ಕಾಯಿದೆಯ ಪ್ರಕಾರ ಅಪರಾಧ. ಸಕಲ ಜೀವಿಗಳಲ್ಲಿ ದಯೆ ತೋರುವುದು ಪ್ರಜೆಯ ಮೂಲಭೂತ ಕರ್ತವ್ಯಗಳಲ್ಲಿ ಒಂದೆಂದು ೧೯೭೬ರ ತಿದ್ದುಪಡಿಯಿಂದ ಸಂವಿಧಾನದಲ್ಲಿಯೂ ಸೇರಿದೆ.

ಕೊನೆಯ ಪ್ರಶ್ನೆ ಎಲ್ಲಕ್ಕಿಂತ ಕಠಿಣವಾದುದು. ಚೆನ್ನಾಗಿ ಸಾಕಿದ ಬೆಕ್ಕು ಹನ್ನೆರಡು-ಹದಿನೈದು ವರ್ಷ ಬದುಕಬಲ್ಲುದು. ಇಂದು ಶಾಲೆಯ ಹುಡುಗಿ ತಂದ ಮರಿ, ಅವಳು ಓದು ಮುಗಿಸಿ ಬೇರೆ ಊರು ಸೇರಿದ ಮೇಲೂ ಅದೇ ಮನೆಯಲ್ಲಿರುತ್ತದೆ. ಮಳೆ ಕೈಕೊಟ್ಟ ವರ್ಷ ದುಡಿಮೆಗಾಗಿ ಗೋವೆ, ಮಂಗಳೂರುಗಳ ಕಡೆ ಗುಳೆ ಹೋಗುವ ಕುಟುಂಬಗಳು ಇಲ್ಲಿವೆ. ದನಗಳನ್ನು ನೆಂಟರಿಗೆ ಒಪ್ಪಿಸಿ ಹೊರಡುವವರು ಬೆಕ್ಕನ್ನು ಯಾರಿಗೂ ಒಪ್ಪಿಸುವುದಿಲ್ಲ. ಅದು ಬೀಗ ಹಾಕಿದ ಬಾಗಿಲ ಮುಂದೆ ಕುಳಿತಿರುತ್ತದೆ. ಅಂಥ ದಿನ ಬಂದರೆ ಅದಕ್ಕೆ ಯಾರು ಉಣಿಸುವರೆಂಬುದನ್ನು, ಮರಿಯನ್ನು ಎತ್ತಿಕೊಳ್ಳುವ ಮೊದಲೇ ಒಬ್ಬ ನೆರೆಯವರೊಡನೆ ಮಾತಾಡಿ ಗೊತ್ತುಮಾಡಿಕೊಳ್ಳಬೇಕು. ಬುಟ್ಟಿ, ಬಟ್ಟಲುಗಳನ್ನು ಒಂದು ಗಳಿಗೆಯಲ್ಲಿ ಹೊಂದಿಸಬಹುದು. ಬೆಕ್ಕು ತರುವವರ ಮುಖ್ಯ ಸಿದ್ಧತೆ ಈ ಮಾತೇ ಆಗಿದೆ.