ಮರ ಕಡಿದ ನೆಲದಲ್ಲಿ ಚಿಗರಿಗೆ ಏನು ಬೇಕು?

ನೀಲಗಿರಿ ತೋಪನ್ನು ಕಡಿದು ಮಾರಿದ ಬಳಿಕ ಉಳಿಯುವ ನೆಲವನ್ನು ಏನು ಮಾಡಬೇಕೆಂಬ ಪ್ರಶ್ನೆ ಜಮೀನುಳ್ಳ ನಮ್ಮ ಅನೇಕ ಕುಟುಂಬಗಳ ಮುಂದಿದೆ. ಮತ್ತೆ ಸಸಿಗಳನ್ನು ನೆಟ್ಟರೆ ಜಿಂಕೆಗಳು ತಾವಾಗಿ ಬರುವುವೆಂಬುದು ಸಾಮಾನ್ಯ ನಂಬಿಕೆ. ಆ ನಂಬಿಕೆಯನ್ನು ತುಸು ಪರಿಶೀಲಿಸಬೇಕಾಗಿದೆ.

ಜಿಂಕೆಯೆಂದರೆ ಯಾವುದು? ಕಲಘಟಗಿಯ ಕಾಡಂಚಿನ ಚುಕ್ಕೆ ಜಿಂಕೆಗೆ ನೆರಳೂ ಹುಲ್ಲೂ ಹತ್ತಿರ ಹತ್ತಿರದಲ್ಲೇ ಬೇಕು. ನವಲಗುಂದ, ಅಣ್ಣಿಗೇರಿ, ಕುಂದಗೋಳದ ಎರೆಹೊಲಗಳ ಚಿಗರಿ, ಅಂದರೆ ಕೃಷ್ಣಮೃಗ, ಬೇರೆಯೇ ಜಾತಿ. ಅದರ ರಕ್ಷಣೆ ಇರುವುದು ಕಣ್ಣಿನಲ್ಲಿ ಮತ್ತು ಕಾಲಿನಲ್ಲಿ. ದೂರ ಕಾಣದ ಕಡೆ ಅದು ನಿಲ್ಲದು. (2018ರಲ್ಲಿ ಹುಬ್ಬಳ್ಳಿ-ಧಾರವಾಡದ ನಡುವೆ ಓಡಲಾರಂಭಿಸಿದ ಬಸ್ಸುಗಳಿಗೂ ಚಿಗರಿಯೆಂದೇ ಹೆಸರಿಟ್ಟರು. ಬಸ್ಸಿಗೆ ದಾರಿಯನ್ನಾದರೂ ಮೀಸಲಿಟ್ಟರು!)

1997ರವರೆಗೆ ನಮ್ಮ ಧಾರವಾಡ ಜಿಲ್ಲೆಗೇ ಸೇರಿದ್ದ ರಾಣೆಬೆನ್ನೂರಿನಲ್ಲಿ 1974ರಲ್ಲಿ ಕೃಷ್ಣಮೃಗ ಅಭಯಾರಣ್ಯ ಸ್ಥಾಪನೆಯಾಯಿತು; ವಿಸ್ತೀರ್ಣ 119 ಚದರ ಕಿಲೋಮೀಟರ್. ಒಂದು ಕಾಲದಲ್ಲಿ ಎರೆಭೂತ ಹಕ್ಕಿಯೂ ಅಲ್ಲಿತ್ತು. ಆದರೆ ಅಭಯಾರಣ್ಯದ ಬಹುಭಾಗವನ್ನು ಆವರಿಸಿದ್ದು ನೀಲಗಿರಿ. ಸಸಿ ಚಿಕ್ಕದಿರುವಾಗ ಸಾಲುಗಳ ನಡುವೆ ಹುಲ್ಲು ಬೆಳೆಯುತ್ತದೆ. ತೋಪು ಬಲಿತಂತೆ ಹುಲ್ಲು ಕ್ಷೀಣಿಸುತ್ತದೆ. ಹಸಿದ ಹಿಂಡು ಪಕ್ಕದ ಹೊಲಕ್ಕೆ ಇಳಿಯುತ್ತದೆ. 2017ರಲ್ಲಿ ರಾಜ್ಯ ಸರ್ಕಾರ ಹೊಸದಾಗಿ ನೀಲಗಿರಿ ನೆಡುವುದನ್ನು ನಿಷೇಧಿಸಿತು. ಅಷ್ಟರಲ್ಲಿ ಎಷ್ಟೋ ಬಯಲುಗಳು ಬದಲಾಗಿದ್ದವು.

ಗುರುಮಠದಲ್ಲಿ ತತ್ತ್ವಶಾಸ್ತ್ರ ಓದುವಾಗ ಕಲಿತ ಭೇದವೊಂದು ಇಲ್ಲಿ ನೆನಪಾಗುತ್ತದೆ. ಕಣ್ಣಿಲ್ಲದಿರುವುದು ಮನುಷ್ಯನಿಗೆ ಕೊರತೆ, ಕಲ್ಲಿಗಲ್ಲ. ಹಾಗೆಯೇ ಮರವಿಲ್ಲದಿರುವುದು ಕಾಡಿಗೆ ಕೊರತೆ, ಹುಲ್ಲುಗಾವಲಿಗಲ್ಲ. ಅದನ್ನು ಬಂಜರೆಂದು ಕಾಗದದಲ್ಲಿ ಬರೆದವರು ಚಿಗರಿಯನ್ನು ಕೇಳಿರಲಿಲ್ಲ.

ಆದುದರಿಂದ ಬಯಲು ಸೀಮೆಯಲ್ಲಿ ತೋಪು ತೆಗೆದವರು ಮತ್ತೆ ದಟ್ಟವಾಗಿ ಗಿಡ ನೆಡದಿರುವುದೇ ಲೇಸು. ಆದರೆ ಸುಮ್ಮನೆ ಬಿಟ್ಟರೂ ಸಾಲದು. ನೀಲಗಿರಿಯ ಬೊಡ್ಡೆ ಮತ್ತೆ ಚಿಗುರುತ್ತದೆ. ಒಂದೊಂದು ಬೊಡ್ಡೆಯಿಂದ ಹಲವು ಕವಲುಗಳು. ಬೊಡ್ಡೆಗಳನ್ನು ಕೀಳಿಸಬೇಕು, ಇಲ್ಲವೆ ಚಿಗುರನ್ನು ಬಿಡದೆ ಸವರುತ್ತಿರಬೇಕು. ತೆರವಾದ ಜಾಗಕ್ಕೆ ಬಳ್ಳಾರಿ ಜಾಲಿ ನುಗ್ಗುತ್ತದೆ. ಎಳೆಯದಿರುವಾಗಲೇ ಬೇರುಸಹಿತ ಕೀಳುವುದು ಸುಲಭ. ಮಳೆಗಾಲದಲ್ಲಿ ಹುಲ್ಲು ತೆನೆಬಿಟ್ಟು ಬೀಜ ಉದುರುವವರೆಗೆ ದನ ಬಿಡಬಾರದು. ಅಲ್ಲೊಂದು ಇಲ್ಲೊಂದು ಬಾರಿ, ಬನ್ನಿ ಇದ್ದರೆ ಇರಲಿ. ಮುಳ್ಳುತಂತಿ ಬೇಡ.

ಕಲಘಟಗಿಯವರ ಲೆಕ್ಕ ಬೇರೆ. ಅಲ್ಲಿ ಪೂರ್ತಿ ಬಯಲು ಮಾಡದೆ ಮತ್ತಿ, ನೆಲ್ಲಿ, ಬಿದಿರಿನ ಗುಂಪುಗಳನ್ನು ಉಳಿಸಿ, ನಡುನಡುವೆ ಹುಲ್ಲಿಗೆ ಬಿಸಿಲು ಬೀಳುವಂತೆ ತೆರವಿಡಬೇಕು. ಮತ್ತಿ, ತೇಗದಂಥ ಮರಕ್ಕೆ ಕೊಡಲಿ ಹಾಕುವ ಮುನ್ನ ಅರಣ್ಯ ಇಲಾಖೆಯ ಅನುಮತಿ ಪಡೆಯತಕ್ಕದ್ದು.

ಇಷ್ಟೆಲ್ಲ ಹೇಳುವಾಗ ನವಲಗುಂದದ ಸಣ್ಣ ರೈತನನ್ನು ಮರೆಯಲಾಗದು. ಮುಂಗಾರಿನ ಹೆಸರು ಎರಡೆಲೆ ಬಿಟ್ಟಾಗ ಹಿಂಡು ನುಗ್ಗಿದರೆ ಒಂದೇ ರಾತ್ರಿಯಲ್ಲಿ ಬಿತ್ತನೆ ಹಾಳು. 1972ರ ವನ್ಯಜೀವಿ ಕಾಯ್ದೆಯ ಪ್ರಕಾರ ಚಿಗರಿಯನ್ನು ಕೊಲ್ಲುವಂತಿಲ್ಲ; ಸಾಲ ತೀರಿಸದೆಯೂ ಇರುವಂತಿಲ್ಲ. ಆತನಿಗೆ ಕರುಣೆಯ ಉಪದೇಶ ಮಾಡುವುದು ನಮಗೆ ಸಲ್ಲದು. ಒಬ್ಬರ ಎರಡೆಕರೆ ಹುಲ್ಲು ಹಿಂಡನ್ನು ತಡೆಯಲಾರದು, ನಿಜ. ಊರಿನ ಗಾಯರಾಣವೂ ಜೊತೆಗೂಡಿದರೆ ಹೊಲಗಳ ಮೇಲಿನ ಭಾರ ಕೊಂಚ ಇಳಿದೀತು. ಬರುವ ಮಳೆಗಾಲದಲ್ಲಿ ಗಾಯರಾಣದಲ್ಲಿ ನೆಡಲೆಂದು ಸಸಿಗಳ ಲಾರಿ ಬಂದಾಗ, ಅವನ್ನು ರಸ್ತೆಬದಿಗೆ, ಶಾಲೆಯ ಅಂಗಳಕ್ಕೆ ಕಳುಹಿಸಿರೆಂದು ಗ್ರಾಮಸಭೆಯಲ್ಲಿ ಎದ್ದು ಕೇಳಬಹುದು.