ಧೂಮಸೂಚಕ ಯಂತ್ರವೂ ಅದರ ತಂತಿಗಳೂ

ಗುಡ್ಡದ ಮೇಲೆ ಹೊಗೆಯೆದ್ದರೆ ಅಲ್ಲಿ ಬೆಂಕಿಯಿರಲೇಬೇಕೆಂದು ಊಹಿಸುವುದು ತರ್ಕಶಾಸ್ತ್ರವನ್ನು ಓದತೊಡಗಿದ ವಿದ್ಯಾರ್ಥಿಗೆ ಮೊತ್ತಮೊದಲು ಹೇಳಿಕೊಡುವ ಪಾಠವಾಗಿರುವುದು. ನಾವು ಅನ್ನಂಭಟ್ಟನ ತರ್ಕಸಂಗ್ರಹವನ್ನು ಓದುತ್ತಿದ್ದ ದಿನಗಳಲ್ಲಿ ಈ ಪಾಠಕ್ಕಾಗಿ ಗುಡ್ಡವನ್ನು ಹುಡುಕಿಕೊಂಡು ಹೋಗಬೇಕಾಗಿರಲಿಲ್ಲ. ನಮ್ಮ ಇಂಗಳೇಶ್ವರದ ಗುಡ್ಡವು ಕಣ್ಣೆದುರಿಗೇ ಇದ್ದಿತು. ಚಳಿಗಾಲದ ಬೆಳಗಿನಲ್ಲಿ ಕುರಿ ಕಾಯುವವರು ಹೊತ್ತಿಸಿದ ಬೆಂಕಿಯು ಬಂಡೆಗಳ ಮರೆಯಲ್ಲಿ ಅಡಗಿರುತ್ತಿತ್ತು. ಹೊಗೆಯೊಂದೇ ಮೇಲಕ್ಕೆದ್ದು ತೋರುತ್ತಿತ್ತು. ಹಳಗನ್ನಡದಲ್ಲಿ ಇಂಗಳವೆಂದರೆ ಕೆಂಡ. ನಮ್ಮೂರಿನ ಹೆಸರಿಗೆ ಅದೇ ಮೂಲವೆಂದು ವಾದಿಸಲು ನಾವು ಹೊರಟಿಲ್ಲ. ಆದರೂ ಕೆಂಡದ ಹೆಸರನ್ನು ಹೊತ್ತ ಊರಿನವರು ಹೊಗೆಯ ವಿಚಾರವನ್ನು ಬರೆಯುವುದು ಅಪ್ರಸ್ತುತವೆಂದು ವಾಚಕರು ಎಣಿಸಲಾರರೆಂದು ನಂಬಿದ್ದೇವೆ.

ಈ ತರ್ಕದ ಪಾಠವನ್ನೇ ಈಗ ಒಂದು ಬಿಳಿಯ ಬಟ್ಟಲಿನಷ್ಟು ಯಂತ್ರಕ್ಕೆ ಕಲಿಸಿ ಅಂಗಡಿ, ಕಚೇರಿ, ವಸತಿಗೃಹ, ಆಸ್ಪತ್ರೆಗಳ ಚಾವಣಿಗೆ ತೂಗುಹಾಕಿರುತ್ತಾರೆ. ಇದಕ್ಕೆ ಸ್ಮೋಕ್ ಡಿಟೆಕ್ಟರ್ ಎಂದು ಹೆಸರು. ನಾವು ಧೂಮಸೂಚಕವೆಂದು ಕರೆಯುವೆವು. ಕಂಡವರು ಬಹುಮಂದಿ, ಅದು ಏನು ಮಾಡುತ್ತದೆಂದು ಕೇಳಿದವರು ವಿರಳ. ನಾವೂ ಆ ಕೇಳದವರ ಪಂಕ್ತಿಯಲ್ಲಿಯೇ ಇದ್ದೆವೆಂಬುದನ್ನು ಮುಂದೆ ಅರಿಕೆ ಮಾಡಿಕೊಳ್ಳುತ್ತೇವೆ.

ಮೊದಲು ಇದರ ಅವಶ್ಯಕತೆಯನ್ನು ನೋಡೋಣ. ಬೆಂಕಿಯ ಅನಾಹುತದಲ್ಲಿ ಜನರು ಸುಟ್ಟುಕೊಂಡೇ ಸಾಯುವರೆಂದು ಸಾಮಾನ್ಯರ ಭಾವನೆ. ವಾಸ್ತವವಾಗಿ ಜ್ವಾಲೆಗಿಂತ ಮೊದಲು ಬಂದು ಕೊರಳು ಹಿಡಿಯುವುದು ಹೊಗೆ. ಅದರಲ್ಲಿರುವ ಇಂಗಾಲದ ಮಾನಾಕ್ಸೈಡಿಗೆ ಬಣ್ಣವಿಲ್ಲ, ವಾಸನೆಯಿಲ್ಲ. ನಿದ್ರಿಸುವವನನ್ನು ಅದು ಎಚ್ಚರಿಸದೆ ಇನ್ನೂ ಆಳವಾದ ನಿದ್ರೆಗೆ ತಳ್ಳುವುದು. ಬೆಂಗಳೂರಿನ ಹಳೆಯ ವಿಮಾನನಿಲ್ದಾಣದ ರಸ್ತೆಯಲ್ಲಿರುವ ಕಾರ್ಲ್‌ಟನ್ ಟವರ್ಸ್ ಎಂಬ ಕಟ್ಟಡದಲ್ಲಿ 2010ನೆಯ ಇಸವಿಯ ಫೆಬ್ರುವರಿ 23ರಂದು ನಡೆದ ದುರಂತವನ್ನು ಅನೇಕರು ಮರೆತಿರಲಾರರು. ವಿದ್ಯುತ್ ತಂತಿಗಳು ಹಾದುಹೋಗುವ ಕೊಳವಿಯಲ್ಲಿ ಹೊತ್ತಿದ ಬೆಂಕಿಯ ಹೊಗೆಯು ಮೆಟ್ಟಿಲ ದಾರಿಯನ್ನೂ ಮೇಲಿನ ಅಂತಸ್ತುಗಳನ್ನೂ ತುಂಬಿಕೊಂಡಿತು. ಹಾಡುಹಗಲಿನಲ್ಲಿ ಒಂಬತ್ತು ಮಂದಿ ಪ್ರಾಣ ಬಿಟ್ಟರು. ಉಸಿರುಕಟ್ಟಿ ಕಿಟಕಿಯಿಂದ ಕೆಳಕ್ಕೆ ಹಾರಿದವರೂ ಅವರೊಳಗಿದ್ದರು. ಮುಂದೆ 2018ರ ಜನವರಿ 8ರ ನಸುಕಿನಲ್ಲಿ ಅದೇ ನಗರದ ಕಲಾಸಿಪಾಳ್ಯದ ಒಂದು ಬಾರಿನೊಳಗೆ ಮಲಗಿದ್ದ ಐವರು ಕೆಲಸಗಾರರು ಬೆಂಕಿಗೆ ಬಲಿಯಾದರು. ಬೆಂಕಿಯನ್ನು ಆರಿಸುವುದು ಅಗ್ನಿಶಾಮಕರ ಕೆಲಸ. ಆದರೆ ಅವರನ್ನು ಕರೆಯುವುದಕ್ಕೂ ಒಳಗಿದ್ದವರು ಮೆಟ್ಟಿಲಿಳಿಯುವುದಕ್ಕೂ ಬೇಕಾದ ಆ ಮೊದಲಿನ ಕೆಲವು ನಿಮಿಷಗಳನ್ನು ದೊರಕಿಸಿಕೊಡುವುದೇ ಈ ಯಂತ್ರದ ಕಾರ್ಯ.

ಇದರಲ್ಲಿ ಮುಖ್ಯವಾಗಿ ಎರಡು ಜಾತಿಗಳು. ಮೊದಲನೆಯದು ಹುಟ್ಟಿದ ಬಗೆ ವಿನೋದವಾಗಿದೆ. 1930ರ ದಶಕದಲ್ಲಿ ವಾಲ್ಟರ್ ಯೇಗರ್ ಎಂಬ ಸ್ವಿಟ್ಜರ್‌ಲೆಂಡಿನ ವಿಜ್ಞಾನಿಯು ವಿಷವಾಯುವನ್ನು ಕಂಡುಹಿಡಿಯುವ ಉಪಕರಣವನ್ನು ರಚಿಸಲು ಹೆಣಗುತ್ತಿದ್ದನು. ವಿಷವಾಯುವಿಗೆ ಅದರ ಮುಳ್ಳು ಅಲ್ಲಾಡಲಿಲ್ಲ. ಬೇಸತ್ತು ಅವನು ಸಿಗರೇಟು ಹೊತ್ತಿಸಲು, ಆ ಹೊಗೆಗೆ ಮುಳ್ಳು ಸರಿಯಿತು! ಈ ಜಾತಿಯ ಯಂತ್ರದಲ್ಲಿ ಅಮೆರಿಸಿಯಂ ಎಂಬ ವಿಕಿರಣ ಧಾತುವಿನ ಒಂದು ಕಣವನ್ನಿಡುವರು. ಅದು ಎರಡು ಫಲಕಗಳ ನಡುವಣ ಗಾಳಿಯಲ್ಲಿ ಅತ್ಯಲ್ಪ ವಿದ್ಯುತ್ತು ಹರಿಯುವಂತೆ ಮಾಡುವುದು; ಹೊಗೆಯ ಕಣಗಳು ನುಗ್ಗಿದರೆ ಆ ಪ್ರವಾಹ ಕುಗ್ಗುವುದು, ಕುಗ್ಗಿದೊಡನೆ ಘಂಟೆ.

ಎರಡನೆಯದು ಬೆಳಕಿನ ಯಂತ್ರ. ನಮಗೆ ಇದೇ ಹೆಚ್ಚು ಪ್ರಿಯ. ಹಂಚಿನ ಸಂದಿನಿಂದಲೋ ಕಿಟಕಿಯಿಂದಲೋ ಕತ್ತಲೆಯ ಕೋಣೆಗೆ ಬಿಸಿಲಕೋಲು ಬಿದ್ದಾಗ ಅದರಲ್ಲಿ ಧೂಳಿನ ಕಣಗಳು ಹೊಳೆಯುವುದನ್ನು ಎಲ್ಲರೂ ಕಂಡಿದ್ದೇವೆ. ನಮ್ಮ ವೈಶೇಷಿಕರು ಅದಕ್ಕೆ ತ್ರಸರೇಣುವೆಂದು ಹೆಸರಿಟ್ಟು ಕಣ್ಣಿಗೆ ಕಾಣುವ ವಸ್ತುಗಳಲ್ಲಿ ಅದೇ ಕಿರಿದೆಂದು ಸಾಧಿಸಿದರು. ಈ ಯಂತ್ರದ ಕತ್ತಲೆಯ ಹೊಟ್ಟೆಯೊಳಗೆ ಒಂದು ಸಣ್ಣ ದೀಪವೂ, ಅದಕ್ಕೆ ನೇರವಾಗಿರದೆ ಓರೆಯಾಗಿ ಕುಳಿತ ಒಂದು ವಿದ್ಯುನ್ನೇತ್ರವೂ ಇರುವುವು. ಗಾಳಿ ಶುದ್ಧವಾಗಿದ್ದರೆ ಬೆಳಕು ನೆಟ್ಟಗೆ ಹೋಗುವುದು, ಕಣ್ಣಿಗೆ ಏನೂ ಕಾಣದು. ಹೊಗೆ ಹೊಕ್ಕರೆ ಕಣಗಳು ಬೆಳಕನ್ನು ಚದುರಿಸುವುವು. ಆಗ ಕಣ್ಣು ಬೆಳಕನ್ನು ಕಂಡು ಕೂಗುವುದು. ತಂತಿಯ ಹೊದಿಕೆ, ಹತ್ತಿ, ಹಾಸಿಗೆ ಮೊದಲಾದವು ಒಳಗೊಳಗೇ ಬೇಯುವಾಗ ಬರುವ ದಪ್ಪನೆಯ ಹೊಗೆಯನ್ನು ಇದು ಬೇಗನೆ ಹಿಡಿಯುವುದು. ನಮ್ಮ ಕಡೆಯ ಬಟ್ಟೆಯ ಅಂಗಡಿಗಳಿಗೂ ಹತ್ತಿಯ ಅಡತಿಗಳಿಗೂ ಇದೇ ಯೋಗ್ಯ.

ಆದರೆ ಶಾಸ್ತ್ರವು ಹೊಗೆಯಿಂದ ಬೆಂಕಿಯನ್ನು ಊಹಿಸುವುದರ ಜೊತೆಗೆ ಎಚ್ಚರಿಕೆಗಳನ್ನೂ ಕೊಟ್ಟಿದೆ. ಕಾಯಿಸಿದ ಕಬ್ಬಿಣದ ಗುಂಡಿನಲ್ಲಿ ಬೆಂಕಿಯಿದ್ದರೂ ಹೊಗೆಯಿಲ್ಲ. ಕೆರೆಯ ಮೇಲಿನ ಮಂಜು ಹೊಗೆಯಂತೆ ತೋರಿದರೂ ಬೆಂಕಿಯಿಲ್ಲ. ಈ ಎರಡು ದೋಷಗಳೂ ಯಂತ್ರಕ್ಕೆ ಅಂಟಿಕೊಂಡೇ ಬಂದಿವೆ. ಖಾನಾವಳಿಯ ಅಡಿಗೆಮನೆಯಲ್ಲಿ ಒಗ್ಗರಣೆಯ ಹೊಗೆಗೂ ಸ್ನಾನಗೃಹದ ಬಾಗಿಲಲ್ಲಿ ಬಿಸಿನೀರಿನ ಉಗಿಗೂ ಧೂಮಸೂಚಕವು ಸುಮ್ಮನೆ ಬೊಬ್ಬೆಯಿಡುವುದು. ಆದುದರಿಂದ ಅಡಿಗೆಮನೆಯಲ್ಲಿ ಅದನ್ನಿಡದೆ, ಸುಮಾರು 57 ಡಿಗ್ರಿ ಸೆಂಟಿಗ್ರೇಡಿನ ಶಾಖಕ್ಕೆ ಎಚ್ಚರಗೊಳ್ಳುವ ತಾಪಸೂಚಕವನ್ನಿಡತಕ್ಕದ್ದು. ಸುಳ್ಳು ಘಂಟೆಗೆ ಬೇಸತ್ತು ಮಾಲಿಕನು ಒಂದು ದಿನ ಸ್ವಿಚ್ಚನ್ನೇ ಆರಿಸಿಬಿಡುವನು. ತೋಳ ಬಂತೆಂದು ಕೂಗಿದ ಹುಡುಗನ ಕಥೆ ಅಲ್ಲಿಗೆ ಪೂರ್ಣವಾದಂತೆ.

ಇನ್ನು ನಮ್ಮ ಸ್ವಂತದ ಸಂಗತಿ. ನಿವೃತ್ತರಾದ ಮೇಲೆ ಸಮೀಪದ ಪಟ್ಟಣದಲ್ಲಿ ಒಂದು ಮಾಳಿಗೆಯ ಮೇಲಿನ ಖಾಸಗಿ ಪಾಠಶಾಲೆಯಲ್ಲಿ ವಾರಕ್ಕೆ ನಾಲ್ಕು ಸಂಜೆ ಸಂಸ್ಕೃತ ಹೇಳುವ ಕೆಲಸವನ್ನು ಒಪ್ಪಿಕೊಂಡೆವು. ಕೆಳಗೆ ಬಟ್ಟೆಯ ಅಂಗಡಿ, ನಡುವೆ ಅದರದೇ ಸಾಮಾನಿನ ಕೋಠಿ, ಮೇಲೆ ನಮ್ಮ ಮೂವತ್ತು ಮಂದಿ ಮಕ್ಕಳು. ಇಳಿಯಲು ಮೆಟ್ಟಿಲು ಒಂದೇ. ಚಾವಣಿಯಲ್ಲಿ ಹಳದಿ ಟೊಪ್ಪಿಗೆಯ ನಾಲ್ಕು ಬಟ್ಟಲುಗಳಿದ್ದುವು; ಕೆಳಗೆ ಅಂಗಡಿಯ ಗಲ್ಲದ ಹಿಂದೆ ಒಂದು ಕೆಂಪು ಪೆಟ್ಟಿಗೆಯೂ ಅದರಲ್ಲಿ ಸದಾ ಬೆಳಗುವ ಹಸಿರು ದೀಪವೂ ಇದ್ದುವು. ಎಂಟು ತಿಂಗಳು ಆ ಹಸಿರು ದೀಪವನ್ನು ನೋಡಿ ಸಮಾಧಾನಪಟ್ಟು ಮೆಟ್ಟಿಲು ಹತ್ತಿದೆವು. ಹಳದಿಯ ಟೊಪ್ಪಿಗೆಯನ್ನು ಶೃಂಗಾರವೆಂದೇ ತಿಳಿದಿದ್ದೆವು.

ನಮ್ಮ ಹಳೆಯ ಶಿಷ್ಯನೊಬ್ಬನು ಈಗ ಇದೇ ಯಂತ್ರಗಳನ್ನು ಕೂಡಿಸುವ ಕಸುಬಿನಲ್ಲಿದ್ದಾನೆ. ವ್ಯಾಕರಣದಲ್ಲಿ ಅವನು ಎಂದೂ ನಮಗೆ ಸಂತೋಷವನ್ನುಂಟುಮಾಡಿದವನಲ್ಲ. ಒಂದು ಸಂಜೆ ನಮ್ಮನ್ನು ಕಾಣಲು ಬಂದವನು ನಮಸ್ಕರಿಸುವುದನ್ನು ಮರೆತು ಚಾವಣಿಯನ್ನು ನೋಡುತ್ತ ನಿಂತುಬಿಟ್ಟನು. ಗಿಲಾವು ಮಾಡುವಾಗ, ಬಣ್ಣ ಬಳಿಯುವಾಗ ಧೂಳು ಹೊಗದಂತೆ ತೊಡಿಸುವ ಆ ಟೊಪ್ಪಿಗೆಯನ್ನು ಕೆಲಸ ಮುಗಿದೊಡನೆ ತೆಗೆಯಬೇಕಂತೆ. ಅದಿರುವವರೆಗೆ ಹೊಗೆ ಒಳಕ್ಕೆ ಹೋಗದು. ಬೆಂಚಿನ ಮೇಲೆ ಬೆಂಚನ್ನಿಟ್ಟು ಅವನು ಒಂದೊಂದಾಗಿ ತೆಗೆದನು. ಜೀವಂತವಿರುವ ಯಂತ್ರದಲ್ಲಿ ಕೆಂಪು ಚುಕ್ಕೆಯೊಂದು ಕೆಲವು ಕ್ಷಣಕ್ಕೊಮ್ಮೆ ಮಿನುಗಬೇಕಾಗಿತ್ತು. ನಾಲ್ಕರಲ್ಲಿ ಒಂದೂ ಮಿನುಗಲಿಲ್ಲ. ಮರುದಿನ ಪರೀಕ್ಷೆಯ ಹೊಗೆಯ ಡಬ್ಬಿಯನ್ನು ತಂದು ಊದಿದನು; ಘಂಟೆ ಬಾರಿಸಲಿಲ್ಲ. ಕೆಳಗೆ ಹಸಿರು ದೀಪವು ಎಂದಿನಂತೆ ಉರಿಯುತ್ತಲೇ ಇತ್ತು.

ಇದು ಹೇಗೆಂದು ತಿಳಿಯಬೇಕಾದರೆ ತಂತಿಗಳ ಕ್ರಮವನ್ನು ಅರಿಯಬೇಕು. ಪೆಟ್ಟಿಗೆಯಿಂದ ಎರಡು ತಂತಿಗಳು 24 ವೋಲ್ಟಿನ ವಿದ್ಯುತ್ತನ್ನು ಹೊತ್ತು ಹೊರಟು ಒಂದು ಸೂಚಕದಿಂದ ಇನ್ನೊಂದಕ್ಕೆ, ಅಲ್ಲಿಂದ ಮುಂದಿನದಕ್ಕೆ, ಪೋಣಿಸಿದಂತೆ ಹೋಗುವುವು. ಕಟ್ಟಕಡೆಯ ಸೂಚಕದಲ್ಲಿ ಎರಡೂ ತಂತಿಗಳ ನಡುವೆ ಜೋಳದ ಕಾಳಿಗಿಂತ ತುಸು ಉದ್ದನೆಯ ಒಂದು ರೋಧಕವನ್ನು ಜೋಡಿಸುವರು. ಅದು 4,700 ಓಮಿನದಾದರೆ ಐದು ಮಿಲಿಆಂಪಿಯರಿನಷ್ಟು ಪ್ರವಾಹವು ಹಗಲೂ ರಾತ್ರಿಯೂ ತಂತಿಯ ಉದ್ದಕ್ಕೂ ಹೋಗಿಬರುತ್ತಿರುವುದು. ಪೆಟ್ಟಿಗೆಯು ಇದನ್ನೇ ನಾಡಿಯಂತೆ ಹಿಡಿದು ಕುಳಿತಿರುವುದು. ಎಲ್ಲಿಯಾದರೂ ತಂತಿ ಕಡಿದರೆ ನಾಡಿ ನಿಲ್ಲುವುದು, ದೋಷದ ಹಳದಿ ದೀಪ ಹತ್ತುವುದು. ಯಾವುದಾದರೊಂದು ಸೂಚಕವು ಹೊಗೆಯನ್ನು ಕಂಡರೆ ಪ್ರವಾಹವನ್ನು ಥಟ್ಟನೆ ಹೆಚ್ಚಿಸುವುದು, ಘಂಟೆ ಮೊಳಗುವುದು. ತಂತಿಗೆ ನಡುವೆ ಕೊಂಬೆ ಒಡೆಸಬಾರದೆಂಬ ನಿಯಮಕ್ಕೆ ಇದೇ ಕಾರಣ. ಕೊಂಬೆಯು ಕಡಿದುಬಿದ್ದರೂ ಕಾಂಡದ ನಾಡಿ ಆಡುತ್ತಲೇ ಇರುವುದರಿಂದ ಪೆಟ್ಟಿಗೆಗೆ ಸುಳಿವು ಹತ್ತದು. ಪ್ರತಿಯೊಂದು ಸೂಚಕದ ಬುಡದಲ್ಲಿಯೂ ತಂತಿಯನ್ನು ಕತ್ತರಿಸಿ, ಬರುವುದನ್ನು ಒಂದು ತಿರುಪಿಗೂ ಹೋಗುವುದನ್ನು ಇನ್ನೊಂದಕ್ಕೂ ಕಟ್ಟಬೇಕೆನ್ನುವುದೂ ಇದಕ್ಕಾಗಿಯೇ.

ನಮ್ಮ ಕಟ್ಟಡದಲ್ಲಿ ರೋಧಕವು ಕಡೆಯ ಸೂಚಕದಲ್ಲಿರಲಿಲ್ಲ. ಪೆಟ್ಟಿಗೆಯೊಳಗೇ, ತಂತಿ ಹೊರಡುವ ತಿರುಪುಗಳಿಗೇ ಬಿಗಿದಿತ್ತು! ಮೇಲಿನ ತಂತಿಯು ಸುಳ್ಳು ಚಾವಣಿ ಹಾಕಿಸುವಾಗ ತುಂಡಾಗಿದೆ. ಪೆಟ್ಟಿಗೆಯು ದೋಷವೆಂದು ಕಿರುಗುಟ್ಟಿದೆ. ಯಾರೋ ಪುಣ್ಯಾತ್ಮರು ಅದನ್ನು ಸುಮ್ಮನಿರಿಸುವ ಸುಲಭೋಪಾಯವನ್ನು ಕಂಡುಕೊಂಡಿದ್ದಾರೆ. ವೈದ್ಯನು ರೋಗಿಯ ಕೈಯನ್ನು ಬಿಟ್ಟು ತನ್ನ ಕೈಯ ನಾಡಿಯನ್ನೇ ನೋಡಿಕೊಂಡು ಎಲ್ಲವೂ ಕ್ಷೇಮವೆಂದು ಹೇಳಿದಂತಾಯಿತು. ಹೇತುವೇ ಅಸಿದ್ಧವಾಗಿರುವಾಗ ಅನುಮಾನವೆಲ್ಲಿಯದು? ಮೂವತ್ತು ವರ್ಷ ಹೇತ್ವಾಭಾಸವನ್ನು ಕರಿಹಲಗೆಯ ಮೇಲೆ ಬರೆದ ನಾವು ಕಣ್ಣೆದುರಿನ ಹೇತ್ವಾಭಾಸಕ್ಕೆ ಎಂಟು ತಿಂಗಳು ಮರುಳಾಗಿದ್ದೆವು.

ಅಂದು ರಾತ್ರಿ ನಮಗೆ ನಿದ್ರೆ ಬರಲಿಲ್ಲ. ಸೂರತ್ತಿನಲ್ಲಿ 2019ರ ಮೇ 24ರಂದು ತಕ್ಷಶಿಲಾ ಎಂಬ ವ್ಯಾಪಾರ ಸಂಕೀರ್ಣದ ಮೇಲಿನ ಅಂತಸ್ತಿನಲ್ಲಿ ಖಾಸಗಿ ಪಾಠಕ್ಕೆ ಬಂದಿದ್ದ ಇಪ್ಪತ್ತೆರಡು ಮಂದಿ ವಿದ್ಯಾರ್ಥಿಗಳು ಬೆಂಕಿಗೆ ಸಿಕ್ಕಿ ಅಸುನೀಗಿದ್ದರು. ಆ ವಾರ್ತೆಯನ್ನು ನಾವು ಓದಿಯೂ ಇದ್ದೆವು, ಮರುಗಿಯೂ ಇದ್ದೆವು.

ಮಾಲಿಕರನ್ನು ಕಂಡು ಹೇಳಿದೆವು. ಕೆಟ್ಟವರಲ್ಲ, ಹಬ್ಬದ ವ್ಯಾಪಾರ ಮುಗಿಯಲಿ ಎಂದರು. ಮುಗಿಯುವವರೆಗೆ ಮಕ್ಕಳಿಗೆ ಗುಡಿಯ ಕಟ್ಟೆಯ ಮೇಲೆ ಪಾಠ ಹೇಳುತ್ತೇವೆಂದು ಬಂದುಬಿಟ್ಟೆವು. ಕಟ್ಟೆಯ ಮೇಲೆ ಶಬ್ದರೂಪಗಳನ್ನು ಗಟ್ಟಿಯಾಗಿ ಹೇಳಿಸುತ್ತಿದ್ದರೆ ಬೀದಿಯವರೆಲ್ಲರೂ ಕಾರಣ ಕೇಳುವರು. ಕೇಳಿದವರಿಗೆ ನಿಜವನ್ನೇ ಹೇಳಿದೆವು. ಒಂಬತ್ತನೆಯ ದಿನ ಕೆಲಸ ಆರಂಭವಾಯಿತು.

ಶಿಷ್ಯನು ಹಳೆಯ ತಂತಿಯನ್ನೆಲ್ಲ ಕಿತ್ತು, ಬೆಂಕಿಯಲ್ಲಿಯೂ ಕೆಲಕಾಲ ತಾಳುವ ತಂತಿಯನ್ನು, ದೀಪ ಪಂಖಗಳ ತಂತಿಗಳಿಂದ ಬೇರೆಯಾದ ನಳಿಗೆಯಲ್ಲಿ ಎಳೆಸಿದನು. ಎಲ್ಲಿ ಎಷ್ಟು ಸೂಚಕಗಳೆಂಬ ಲೆಕ್ಕ ನಮ್ಮ ಪಾಲಿಗೆ ಬಂದಿತು. ಭಾರತೀಯ ಮಾನಕ 2189 ಎಂಬ ಸಂಹಿತೆ ಈ ವಿಷಯಕ್ಕೇ ಮೀಸಲಾದುದು. ಕೋಣೆಯ ಯಾವ ಬಿಂದುವೂ ಸೂಚಕದಿಂದ ಏಳೂವರೆ ಮೀಟರಿಗಿಂತ ದೂರವಿರಬಾರದೆಂಬುದು ವಾಡಿಕೆಯ ಲೆಕ್ಕ. ಹಾಗಾದರೆ ಎರಡರ ನಡುವೆ ಹದಿನೈದು ಮೀಟರು ಬಿಡಬಹುದೆಂದು ಮಕ್ಕಳು ಕೂಗಿದರು. ಕೂಡದು, ಮೂಲೆಗಳು ಹೊರಗುಳಿಯುವುವು. ವೃತ್ತದೊಳಗಿನ ಚೌಕಕ್ಕೆ ಕರ್ಣವೇ ಹದಿನೈದು. ಕರ್ಣದಿಂದ ಭುಜವನ್ನು ತೆಗೆದರೆ ಹತ್ತು ಮೀಟರು ಅರವತ್ತು ಸೆಂಟಿಮೀಟರು. ಬೌಧಾಯನನ ಶುಲ್ಬಸೂತ್ರದ ಎರಡರ ವರ್ಗಮೂಲಕ್ಕೆ ಯಜ್ಞವೇದಿಯ ಆಚೆಗೆ ಇಂಥದೊಂದು ಉಪಯೋಗವನ್ನು ತೋರಿಸಿದುದು ನಮಗೆ ಹಿತವೆನಿಸಿತು. ಗೋಡೆಯಿಂದ ಅರ್ಧ ಮೀಟರಿನೊಳಗೆ ಸೂಚಕವನ್ನಿಡಬಾರದು. ಗಾಳಿ ಯಂತ್ರದ ಬಾಯಿಯ ಹತ್ತಿರವೂ ಬೇಡ, ಹೊಗೆಯನ್ನು ಅದು ಊದಿ ಓಡಿಸುವುದು. ಸುಳ್ಳು ಚಾವಣಿಯ ಮೇಲಿನ ಬರಿದು 80 ಸೆಂಟಿಮೀಟರಿಗಿಂತ ಎತ್ತರವಾಗಿದ್ದರೆ ಅಲ್ಲಿಯೂ ಒಂದು ಸೂಚಕವನ್ನಿಟ್ಟು, ಅದರ ದೀಪವನ್ನು ಕೆಳಗೆ ಕಾಣುವಂತೆ ತೂಗಬೇಕು. ಮೆಟ್ಟಿಲ ದಾರಿಯ ತಲೆಯ ಮೇಲೆ ಒಂದು ಇರಲೇಬೇಕು. ಹೊಗೆಗೆ ಮೆಟ್ಟಿಲೇ ಚಿಮಣಿ.

ದೊಡ್ಡ ಕಟ್ಟಡಗಳಲ್ಲಿ ಪ್ರತಿ ಸೂಚಕಕ್ಕೂ ಒಂದೊಂದು ಅಂಕಿಯನ್ನು ಕೊಟ್ಟು, ತಂತಿಯನ್ನು ಬಳೆಯಂತೆ ಪೆಟ್ಟಿಗೆಗೇ ಮರಳಿಸುವ ಪದ್ಧತಿಯಿದೆ. ಒಂದೆಡೆ ಕಡಿದರೂ ಎರಡೂ ಕಡೆಯಿಂದ ವಿದ್ಯುತ್ತು ತಲುಪುವುದು. ಯಾವ ಕೋಣೆಯಲ್ಲಿ ಹೊಗೆಯೆಂಬುದು ಪೆಟ್ಟಿಗೆಯ ಮೇಲೆ ಮೂಡುವುದು. ನಮ್ಮ ಮೂರು ಅಂತಸ್ತಿಗೆ ಹಳೆಯ ಪದ್ಧತಿಯೇ ಸಾಕೆನಿಸಿತು.

ಬ್ಯಾಟರಿಯ ಮಾತನ್ನು ಬಿಡುವಂತಿಲ್ಲ. ನಮ್ಮ ಕಡೆ ವಿದ್ಯುತ್ತು ಹೋಗಿಬರುವ ಅತಿಥಿ. ಬೆಂಕಿಯ ಹೊತ್ತಿನಲ್ಲಂತೂ ಮೊದಲು ಹೋಗುವುದು ಅದೇ. ಪೆಟ್ಟಿಗೆಯಲ್ಲಿ ಹನ್ನೆರಡು ವೋಲ್ಟಿನ ಎರಡು ಬ್ಯಾಟರಿಗಳಿರುವುವು. ಇಪ್ಪತ್ತನಾಲ್ಕು ಗಂಟೆ ಕಾವಲಿದ್ದು, ಅನಂತರವೂ ಅರ್ಧ ಗಂಟೆ ಘಂಟೆ ಬಾರಿಸುವಷ್ಟು ಬಲ ಅವುಗಳಿಗಿರಬೇಕೆಂದು ಲೆಕ್ಕಹಾಕುವರು.

ಈಗ ತಿಂಗಳ ಮೊದಲನೆಯ ಸೋಮವಾರ ನಮ್ಮ ವಿದ್ಯಾರ್ಥಿಗಳಲ್ಲಿ ಒಬ್ಬರು ಪರೀಕ್ಷೆಯ ಗುಂಡಿಯನ್ನೊತ್ತುವರು. ಎಲ್ಲರೂ ಪುಸ್ತಕಗಳನ್ನು ಬಿಟ್ಟು ಸಾಲಾಗಿ ಬೀದಿಗಿಳಿಯುವರು. ಅಂಗಡಿಯ ಗುಮಾಸ್ತರು ವಹಿಯಲ್ಲಿ ದಿನಾಂಕವನ್ನು ಬರೆಯುವರು. ಮೂರು ತಿಂಗಳಿಗೊಮ್ಮೆ ಶಿಷ್ಯನು ಬಂದು ಡಬ್ಬಿಯ ಹೊಗೆಯನ್ನೂದಿ, ಬಟ್ಟಲುಗಳ ಧೂಳನ್ನು ತೆಗೆದು ಹೋಗುವನು. ಮೊದಲ ಸಲ ಇಳಿಯಲು ಮೂರೂವರೆ ನಿಮಿಷ ಹಿಡಿಯಿತು. ಮೆಟ್ಟಿಲ ಮೇಲೆ ಬಟ್ಟೆಯ ಗಂಟುಗಳಿದ್ದುವು. ಕಳೆದ ಸಲ ಒಂದು ನಿಮಿಷ ಇಪ್ಪತ್ತು ಸೆಕೆಂಡು. ಕಡೆಯವರಾಗಿ ಇಳಿದವರು ನಾವು, ಮೊಣಕಾಲಿನ ದೆಸೆಯಿಂದ.