ಸಿಹಿನೀರಿನ ಸರೋವರದಲ್ಲಿ ಶಾರ್ಕ್

ಮಧ್ಯ ಅಮೆರಿಕದ ನಿಕರಾಗುವಾ ಸರೋವರದ ವಿಸ್ತೀರ್ಣ 8,000 ಚದರ ಕಿಲೋಮೀಟರಿಗೂ ಹೆಚ್ಚು. ನೀರು ಅಪ್ಪಟ ಸಿಹಿ, ಮಟ್ಟ ಕಡಲಿಗಿಂತ ಸುಮಾರು 30 ಮೀಟರ್ ಎತ್ತರ. ಹೀಗಿದ್ದೂ ಅಲ್ಲಿ ಶಾರ್ಕ್‌ಗಳಿವೆ, ಗರಗಸದಂಥ ಮೂತಿಯ ಗರಗಸ ಮೀನುಗಳೂ ಇದ್ದವು. ಸರೋವರದಲ್ಲಿ ಕಡಲ ಮೀನುಗಳಿರುವುದನ್ನು ಸ್ಪೇನಿನ ಬರಹಗಾರರು 16ನೇ ಶತಮಾನದಲ್ಲೇ ದಾಖಲಿಸಿದ್ದರು.

ಇವು ಅಲ್ಲಿಗೆ ಬಂದದ್ದು ಹೇಗೆ? ಬಹುಕಾಲ ಎಲ್ಲರೂ ಒಪ್ಪಿದ್ದ ಉತ್ತರ ಕೇಳಲು ಸೊಗಸಾಗಿತ್ತು. ಸರೋವರದ ಪಶ್ಚಿಮ ದಂಡೆಗೂ ಶಾಂತಸಾಗರಕ್ಕೂ ನಡುವೆ ಇರುವುದು ಒಂದೆಡೆ ಸುಮಾರು 20 ಕಿಲೋಮೀಟರ್ ಅಗಲದ ನೆಲಪಟ್ಟಿ ಮಾತ್ರ, ಸುತ್ತಲೂ ಜ್ವಾಲಾಮುಖಿಗಳು. ಒಂದಾನೊಂದು ಕಾಲದಲ್ಲಿ ಇದು ಕಡಲಿನ ಕೊಲ್ಲಿಯಾಗಿತ್ತು, ಲಾವಾ ಹರಿದು ಬಾಯಿ ಮುಚ್ಚಿತು, ಒಳಗೆ ಸಿಕ್ಕಿಬಿದ್ದ ಮೀನುಗಳು ನೀರು ಸಿಹಿಯಾದಂತೆಲ್ಲ ಹೊಂದಿಕೊಂಡವು ಎಂಬುದು ಆ ವಾದ. 1877ರಲ್ಲಿ ಈ ಶಾರ್ಕ್‌ಗೆ ಬೇರೆ ಪ್ರಭೇದವೆಂದು ನಿಕರಾಗುವಾ ಹೆಸರನ್ನೇ ಇಟ್ಟು ವರ್ಣಿಸಿದ್ದರಿಂದ ಕಥೆಗೆ ಇನ್ನಷ್ಟು ಬಲ ಬಂತು.

ಅದು ಕಳಚಿಬಿದ್ದದ್ದು 1961ರಲ್ಲಿ. ಸರೋವರದ ಶಾರ್ಕ್ ಪ್ರತ್ಯೇಕ ಪ್ರಭೇದವಲ್ಲ, ಬೆಚ್ಚಗಿನ ಕಡಲತೀರಗಳಲ್ಲೆಲ್ಲ ಕಾಣುವ ಬುಲ್ ಶಾರ್ಕೇ ಎಂದು ಅಮೆರಿಕದ ವಿಜ್ಞಾನಿಗಳಾದ ಬಿಗೆಲೋ ಮತ್ತು ಶ್ರೋಡರ್ ತೋರಿಸಿದರು. ಹಾಗಾದರೆ ಅದು ಸಿಕ್ಕಿಬಿದ್ದದ್ದೋ, ಹೋಗಿಬರುವುದೋ? ಸರೋವರದ ನೀರು ಸಾನ್ ಹುವಾನ್ ನದಿಯಾಗಿ ಸುಮಾರು 190 ಕಿಲೋಮೀಟರ್ ಹರಿದು ಪೂರ್ವದ ಕೆರಿಬಿಯನ್ ಕಡಲನ್ನು ಸೇರುತ್ತದೆ. ಆದರೆ ದಾರಿಯಲ್ಲಿ ಕಲ್ಲು ಕೊರಕಲಿನ ರಭಸದ ಹರಿವುಗಳಿವೆ. ಇಷ್ಟು ದೊಡ್ಡ ಮೀನು ಅವನ್ನು ಹತ್ತಲಾರದೆಂದೇ ಹಲವರು ನಂಬಿದ್ದರು. ನೆಬ್ರಾಸ್ಕಾ ವಿಶ್ವವಿದ್ಯಾಲಯದ ಥಾಮಸ್ ಥಾರ್ಸನ್ ವಾದ ಬಿಟ್ಟು ಪರೀಕ್ಷೆಗಿಳಿದರು. 1960ರ ದಶಕದಿಂದ ವರ್ಷಗಟ್ಟಲೆ ಶಾರ್ಕ್‌ಗಳನ್ನು ಹಿಡಿದು, ಗುರುತಿನ ಬಿಲ್ಲೆ ಸಿಕ್ಕಿಸಿ ಬಿಟ್ಟರು. ಅಳಿವೆಯಲ್ಲಿ ಬಿಲ್ಲೆ ಹಾಕಿಸಿಕೊಂಡವು ಸರೋವರದಲ್ಲಿ ಬಲೆಗೆ ಬಿದ್ದವು, ಸರೋವರದವು ಅಳಿವೆಯಲ್ಲಿ ಸಿಕ್ಕವು. ಕೆಲವಂತೂ ಎರಡು ವಾರದೊಳಗೇ ಇಡೀ ನದಿಯನ್ನು ದಾಟಿದ್ದವು. ಬಾಗಿಲು ಮುಚ್ಚಿಯೇ ಇರಲಿಲ್ಲ.

ಬಾಗಿಲು ತೆರೆದಿದ್ದರೂ ಒಳಗೆ ಬದುಕುವುದು ಬೇರೆ ಪ್ರಶ್ನೆ. ಶಾರ್ಕ್‌ಗಳು ರಕ್ತದಲ್ಲಿ ಯೂರಿಯಾವನ್ನು ಹೊರಹಾಕದೆ ಉಳಿಸಿಕೊಳ್ಳುತ್ತವೆ. ಅದರಿಂದಾಗಿ ದೇಹದ್ರವದ ಸಾಂದ್ರತೆ ಕಡಲನೀರಿಗೆ ಸರಿಸಮವಾಗಿರುತ್ತದೆ, ಉಪ್ಪುನೀರು ದೇಹದ ನೀರನ್ನು ಹೀರಿಕೊಳ್ಳುವುದಿಲ್ಲ. ಇದೇ ವ್ಯವಸ್ಥೆ ಸಿಹಿನೀರಿನಲ್ಲಿ ಉರುಳಾಗುತ್ತದೆ: ಕಿವಿರುಗಳ ಮೂಲಕ ನೀರು ಒಳನುಗ್ಗುತ್ತದೆ, ಲವಣ ಸೋರಿಹೋಗುತ್ತದೆ. ಹೆಚ್ಚಿನ ಶಾರ್ಕ್‌ಗಳು ಇದನ್ನು ತಾಳಲಾರವು. ಬುಲ್ ಶಾರ್ಕ್ ಮಾತ್ರ ಯೂರಿಯಾವನ್ನು ಸುಮಾರು ಅರ್ಧಕ್ಕೆ ಇಳಿಸಿಕೊಳ್ಳುತ್ತದೆ. ಹೆಚ್ಚಿನ ಉಪ್ಪನ್ನು ಹೊರಹಾಕಲೆಂದೇ ಇರುವ ಗುದದ ಬಳಿಯ ಗ್ರಂಥಿಯ ಕೆಲಸ ತಗ್ಗುತ್ತದೆ, ಕಿವಿರುಗಳು ನೀರಿನಿಂದ ಲವಣವನ್ನು ಹೆಕ್ಕಿಕೊಳ್ಳುತ್ತವೆ. ಆದರೂ ರಕ್ತ ಸುತ್ತಲ ನೀರಿಗಿಂತ ಎಷ್ಟೋ ಸಾಂದ್ರವಾಗಿಯೇ ಉಳಿಯುವುದರಿಂದ ನೀರು ನುಗ್ಗುವುದು ನಿಲ್ಲುವುದಿಲ್ಲ. ಮೂತ್ರಪಿಂಡಗಳು ತೆಳ್ಳಗಿನ ಮೂತ್ರವನ್ನು ಎಡೆಬಿಡದೆ ಸುರಿಸುತ್ತಿರಬೇಕು. ಇಷ್ಟೆಲ್ಲ ಖರ್ಚು ಹಾಕಿ ನದಿಗೆ ಬರುವುದರಲ್ಲಿ ಲಾಭವೂ ಇದೆ. ದೊಡ್ಡ ಶಾರ್ಕ್‌ಗಳ ಹಾವಳಿ ಅಳಿವೆ ಮತ್ತು ನದಿಗಳಲ್ಲಿ ಕಡಿಮೆಯಾದ್ದರಿಂದ ಮರಿಗಳು ಅಲ್ಲಿ ನಿರಾತಂಕವಾಗಿ ಬೆಳೆಯಬಲ್ಲವು.

ಈ ಕಸುಬು ಗೊತ್ತಿದ್ದರೆ ಉಳಿದ ಸುದ್ದಿಗಳನ್ನು ನಂಬುವುದು ಕಷ್ಟವಲ್ಲ. ಅಮೆಜಾನ್ ನದಿಯಲ್ಲಿ ಬುಲ್ ಶಾರ್ಕ್ ಪೆರು ದೇಶದ ಇಕಿಟೋಸ್‌ವರೆಗೆ ಏರಿದೆ. 1937ರಲ್ಲಿ ಅಮೆರಿಕದ ಇಲಿನಾಯ್ ರಾಜ್ಯದ ಆಲ್ಟನ್ ಬಳಿ, ಕಡಲಿನಿಂದ ಬಹುದೂರದಲ್ಲಿ, ಮಿಸಿಸಿಪಿ ನದಿಯಲ್ಲೇ ಒಂದು ಸಿಕ್ಕಿತ್ತು. ನಮ್ಮ ಗಂಗಾ ನದಿಯಲ್ಲಿ, ಈಗ ಕಾಣುವುದೇ ಅಪರೂಪವಾದ ಗಂಗಾ ಶಾರ್ಕ್ ಇದೆ. ಅದರ ತಲೆಗೆ ಕಟ್ಟಿದ ಎಷ್ಟೋ ದಾಳಿಗಳು ಬುಲ್ ಶಾರ್ಕಿನ ಕೃತ್ಯ ಎಂಬ ಅನುಮಾನವಿದೆ.

ಸಿಕ್ಕಿಬೀಳುವುದು ಇಲ್ಲವೇ ಇಲ್ಲ ಎಂದಲ್ಲ. ಆಸ್ಟ್ರೇಲಿಯಾದ ಬ್ರಿಸ್ಬೇನ್ ಬಳಿಯ ಕಾರ್‌ಬ್ರೂಕ್ ಗಾಲ್ಫ್ ಮೈದಾನದ ಕೆರೆಗೆ 1990ರ ದಶಕದ ನೆರೆಯಲ್ಲಿ ಬುಲ್ ಶಾರ್ಕ್‌ಗಳು ಬಂದು ಸೇರಿದವು; ನೀರಿಳಿದಾಗ ವಾಪಸು ಹೋಗುವ ದಾರಿ ಇರಲಿಲ್ಲ. ಹಾಗೆಯೇ ಅವು ಸುಮಾರು 17 ವರ್ಷ ಅಲ್ಲಿ ಬದುಕಿದವು. ಫಿನ್ಲೆಂಡಿನ ಸೈಮಾ ಸರೋವರದ ಸೀಲ್‌ಗಳದಂತೂ ನಿಜವಾದ ಸೆರೆ: ಹಿಮಯುಗ ಮುಗಿದು ಹಿಮದ ಭಾರ ಇಳಿದಾಗ ನೆಲ ಮೇಲೆದ್ದು ಸರೋವರ ಕಡಲಿನಿಂದ ಬೇರ್ಪಟ್ಟಿತು. ಹಾಗೆಂದು ಸೆರೆಯ ಕಥೆಗಳೆಲ್ಲ ನಿಜವಲ್ಲ. ಆಫ್ರಿಕಾದ ಟ್ಯಾಂಗನಿಕಾ ಸರೋವರದಲ್ಲಿ 1883ರಲ್ಲಿ ಲೋಳೆಮೀನು ಕಂಡ ಮೇಲೆ, ಅದು ಹಳೆಯ ಕಡಲಿನ ಅವಶೇಷವೆಂದು ಇಂಗ್ಲೆಂಡಿನ ಮೂರ್ ಎಂಬ ವಿಜ್ಞಾನಿ ಪುಸ್ತಕವನ್ನೇ ಬರೆದ. ಅಲ್ಲಿನ ಕಡಲ ಶಂಖದಂಥ ಬಸವನಹುಳುಗಳು ಅವನಿಗೆ ಇನ್ನೊಂದು ಸಾಕ್ಷಿ. ಆದರೆ ಅವು ಸಿಹಿನೀರಿನ ವಂಶದವೇ, ಕಡಲಿನ ವೇಷ ಆಮೇಲೆ ಬಂದದ್ದು.

ನಿಕರಾಗುವಾದಲ್ಲಿ ಶಾರ್ಕ್ ಮತ್ತು ಗರಗಸ ಮೀನಿನ ಪಾಡು ಒಂದೇ ಆಗಲಿಲ್ಲ. ಶಾರ್ಕ್‌ಗಳು ಮಾಂಸಕ್ಕೂ ರೆಕ್ಕೆಗೂ ಬೇಟೆಯಾಗಿ ಬಹಳ ಕಡಿಮೆಯಾದವು, ಆದರೆ ಕಡಲಿನಿಂದ ಹೊಸವು ಬರುವ ದಾರಿ ಇದೆ. ಗರಗಸ ಮೀನು ಸರೋವರದಲ್ಲೇ ಮರಿಹಾಕುತ್ತಿತ್ತು, ಹೆಚ್ಚಿನವು ಆಯುಸ್ಸನ್ನೆಲ್ಲ ಅಲ್ಲೇ ಕಳೆಯುತ್ತಿದ್ದವು. ದೊಡ್ಡದಾಗಲು ವರ್ಷಗಳು ಬೇಕು, ಹಾಕುವ ಮರಿಗಳೂ ಕೆಲವೇ. 1970ರ ದಶಕದ ವಾಣಿಜ್ಯ ಮೀನುಗಾರಿಕೆ ಕೆಲವೇ ವರ್ಷಗಳಲ್ಲಿ ಅದನ್ನು ಬಹುತೇಕ ಖಾಲಿ ಮಾಡಿತು. 1980ರ ದಶಕದ ಆರಂಭದಲ್ಲಿ ಸರ್ಕಾರ ಅದರ ಬೇಟೆ ನಿಲ್ಲಿಸಿದರೂ ಹಿಂದಿನ ಸಂಖ್ಯೆ ಮರಳಲಿಲ್ಲ.